ಬಟ್ಟೆ ತಾಕಿದಲ್ಲಿ ತುರಿಕೆ: ಕಾರಣ ಹುಡುಕುವುದು ಹೇಗೆ?

ಕೊಡಗಿನಲ್ಲಿ ಜೂನ್ ಬಂತೆಂದರೆ ಎರಡು ಒಟ್ಟಿಗೆ ಬರುತ್ತವೆ. ಮಕ್ಕಳ ಹೊಸ ಯೂನಿಫಾರ್ಮು, ಮತ್ತು ಬಿಡದೆ ಸುರಿಯುವ ಮಳೆ. ಅದರ ಬೆನ್ನಿಗೇ ತುರಿಕೆ. ವಿರಾಜಪೇಟೆಯ ನನ್ನ ಟೈಲರ್ ಅಂಗಡಿಗೆ ಆ ತಿಂಗಳಲ್ಲಿ ಬರುವ ಕೆಲವರು ಅಳತೆ ಕೊಡಲಿಕ್ಕೆ ಬಂದಿರುವುದಿಲ್ಲ. "ಈ ಬಟ್ಟೆಯಲ್ಲಿ ಏನೋ ಕೆಮಿಕಲ್ ಇದೆ, ನೋಡಿ" ಅಂತ ತೋಳು ಮಡಚಿ ತೋರಿಸಲಿಕ್ಕೆ ಬಂದಿರುತ್ತಾರೆ.

ಕೆಮಿಕಲ್ ಇಲ್ಲ ಅಂತಲ್ಲ. ಬಣ್ಣ ಇದೆ, ಗಂಜಿ ಇದೆ, ಸುಕ್ಕು ಬೀಳದ ಹಾಗೆ ಮಾಡುವ ಲೇಪ ಇದೆ, ಎಲಾಸ್ಟಿಕ್‌ನ ರಬ್ಬರು, ಗುಂಡಿಯ ಲೋಹ ಎಲ್ಲ ಇವೆ. ಆದರೆ ನಮ್ಮ ಕಡೆ ಮೊದಲು ಅನುಮಾನ ಪಡಬೇಕಾದ್ದು ಒದ್ದೆಯ ಮೇಲೆ. ಆಮೇಲೆ ಸೋಪು, ಆಮೇಲೆ ಬಟ್ಟೆ ಇಡುವ ಬೀರು. ಬಣ್ಣದ ಸರದಿ ಅದರ ನಂತರ. ಹೊಸ ಬಟ್ಟೆ ಬಿಸಾಡುವ ಮುಂಚೆ, ದುಬಾರಿ ಆರ್ಗ್ಯಾನಿಕ್ ಬಟ್ಟೆ ಕೊಳ್ಳುವ ಮುಂಚೆ, ಎರಡು ವಿಷಯ ಸರಿಯಾಗಿ ನೋಡಿ: ದದ್ದು ಮೈಯಲ್ಲಿ ಎಲ್ಲಿ ಎದ್ದಿದೆ, ಬಟ್ಟೆ ಹಾಕಿದ ಎಷ್ಟು ಹೊತ್ತಿಗೆ ಎದ್ದಿದೆ.

ಹೊತ್ತಿನ ಲೆಕ್ಕ ಹೀಗೆ. ಹಾಕಿದ ಕೆಲವೇ ನಿಮಿಷದಲ್ಲಿ ಅಥವಾ ಅದೇ ದಿನ ಉರಿ, ಚುಚ್ಚು, ತುರಿಕೆ ಶುರುವಾದರೆ ಅದು ಸಾಮಾನ್ಯವಾಗಿ ಚರ್ಮ ಕೆರಳಿದ್ದು. ಒರಟು ನೂಲು, ಉಳಿದ ಸೋಪು, ಬೆವರು, ಉಜ್ಜಾಟ ಇಂಥವು ಕಾರಣ. ಬಟ್ಟೆಯ ಅಲರ್ಜಿ ಸಾಮಾನ್ಯವಾಗಿ ಹಾಗಲ್ಲ. ಅದು ನಿಧಾನ. ಬಟ್ಟೆ ತಾಕಿ ಒಂದರಿಂದ ಮೂರು ದಿನ ಬಿಟ್ಟು ಏಳುತ್ತದೆ. ಅಂದರೆ ಇವತ್ತು ಎದ್ದ ದದ್ದಿಗೆ ಇವತ್ತಿನ ಅಂಗಿಯಲ್ಲ, ಮೊನ್ನೆ ಮದುವೆಗೆ ಹಾಕಿದ್ದ ಬ್ಲೌಸು ಕಾರಣ ಇರಬಹುದು. ತುಂಬಾ ಜನ ತಪ್ಪು ಬಟ್ಟೆಯನ್ನು ಬೈಯುವುದು ಇದರಿಂದಲೇ.

ಇವು ಕಂಡರೆ ಹುಡುಕುತ್ತಾ ಕೂರಬೇಡಿ

ಮುಖ, ತುಟಿ, ಕಣ್ಣಿನ ಸುತ್ತ ಬಾವು ಬಂದರೆ, ಉಸಿರು ಕಟ್ಟಿದರೆ, ಮೈತುಂಬ ಗಂಧೆ ಎದ್ದು ತಲೆ ತಿರುಗಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ನೀರುಗುಳ್ಳೆ ದೊಡ್ಡದಾಗುತ್ತಿದ್ದರೆ, ಕೀವು ಕಟ್ಟಿದ್ದರೆ, ದದ್ದಿನ ಜೊತೆ ಜ್ವರ ಇದ್ದರೆ ಅದೇ ದಿನ ಡಾಕ್ಟರ ಬಳಿ ಹೋಗಿ. ಒಂದು ವರ್ಷದೊಳಗಿನ ಮಗುವಾದರೆ ಮನೆಯ ಪ್ರಯೋಗ ಬೇಡ, ಮೊದಲೇ ತೋರಿಸಿ. ತೋಟದಲ್ಲಿ ಔಷಧಿ ಹೊಡೆದು ಬಂದವರಿಗೆ ಏನಾದರೂ ಆದರೆ ಅದು ಬೇರೆಯೇ ವಿಷಯ, ಕೆಳಗೆ ಬರೆದಿದ್ದೇನೆ.

ಹೊಸ ಬಟ್ಟೆ, ಹಾಕಿದ ತಕ್ಷಣ ಚುಚ್ಚುತ್ತದೆ

ಬಟ್ಟೆಯನ್ನು ಒಳಮೇಲು ಮಾಡಿ. ಕತ್ತಿನ ಹಿಂದೆ ಲೇಬಲ್ ಇದೆಯೇ? ಅದರ ಮೂಲೆ ಗಟ್ಟಿಯಾಗಿ ಚೂಪಾಗಿ ಇರುತ್ತದೆ. ಪಕ್ಕದ ಹೊಲಿಗೆಯ ಮೇಲೆ ಬೆರಳು ಓಡಿಸಿ. ರೆಡಿಮೇಡ್‌ನಲ್ಲಿ ಓವರ್‌ಲಾಕ್ ಹೊಲಿಗೆಗೆ ನೈಲಾನ್ ದಾರ ಹಾಕಿದ್ದರೆ ಅದರ ತುದಿ ಮುಳ್ಳಿನ ಹಾಗೆ ಚುಚ್ಚುತ್ತದೆ. ಲೇಬಲನ್ನು ಕತ್ತರಿಸಬೇಡಿ, ಕತ್ತರಿಸಿದರೆ ಉಳಿದ ಅಂಚು ಇನ್ನೂ ಜಾಸ್ತಿ ಚುಚ್ಚುತ್ತದೆ. ಹೊಲಿಗೆ ಬಿಚ್ಚಿ ಪೂರ್ತಿ ತೆಗೆಯಿರಿ. ಇದಕ್ಕೆ ಖರ್ಚೇ ಇಲ್ಲ.

ತುರಿಕೆ ಕತ್ತಿನ ಹಿಂದೆ ಅಥವಾ ಪಕ್ಕೆಯಲ್ಲಿ ಗೆರೆ ಎಳೆದ ಹಾಗೆ ಇದ್ದರೆ ಇಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಮುಂದಿನದು ಒಗೆಯುವುದು. ಅಂಗಡಿಯಿಂದ ತಂದ ಬಟ್ಟೆಯಲ್ಲಿ ಗಂಜಿ, ಮೆರುಗಿನ ಲೇಪ, ಉಳಿದ ಬಣ್ಣ ಇರುತ್ತವೆ. ಹಾಕುವ ಮುಂಚೆ ಎರಡು ಸಲ ಒಗೆಯಿರಿ. ಯೂನಿಫಾರ್ಮನ್ನು ಸ್ಕೂಲು ಶುರುವಾಗುವ ಹಿಂದಿನ ದಿನ ತಂದರೆ ಒಗೆದು ಒಣಗಿಸಲಿಕ್ಕೆ ಎಲ್ಲಿ ಆಗುತ್ತದೆ? ಮೇ ತಿಂಗಳಲ್ಲೇ, ಬಿಸಿಲಿರುವಾಗಲೇ ಹೊಲಿಸಿ ಒಗೆದಿಟ್ಟುಕೊಳ್ಳಿ ಅಂತ ನಾನು ವರ್ಷವೂ ಹೇಳುತ್ತೇನೆ.

ಪ್ಯಾಕೆಟ್ ಬಿಚ್ಚುವಾಗ ಮೂಗಿಗೆ ಹೊಡೆಯುವ, ಕಣ್ಣು ಉರಿಸುವ ವಾಸನೆ ಬಂದರೆ ಫಾರ್ಮಾಲ್ಡಿಹೈಡ್ ಇರಬಹುದು. 'ಇಸ್ತ್ರಿ ಬೇಡ', 'ವ್ರಿಂಕಲ್ ಫ್ರೀ' ಅಂತ ಮಾರುವ ಶರ್ಟು ಪ್ಯಾಂಟುಗಳಿಗೆ ಹಾಕುವ ರಾಳದಿಂದ ಅದು ಬಿಡುತ್ತದೆ. ಒಗೆದರೆ ತುಂಬಾ ಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಶಾಖ, ತೇವ ತಾಕಿದಾಗ ರಾಳ ಮತ್ತೆ ಸ್ವಲ್ಪ ಸ್ವಲ್ಪ ಬಿಡುತ್ತಲೇ ಇರುತ್ತದೆ. ಎರಡು ಮೂರು ಒಗೆತದ ನಂತರವೂ ಇಸ್ತ್ರಿ ಮಾಡುವಾಗ ಅದೇ ವಾಸನೆ ಎದ್ದರೆ ಆ ಬಟ್ಟೆ ನಿಮಗೆ ಆಗಿಬರುವುದಿಲ್ಲ.

ಸ್ವೆಟರ್ ಆದರೆ ಬೇರೆ ಕಥೆ. ಉಣ್ಣೆಯ ಎಳೆ ಸುಮಾರು 30 ಮೈಕ್ರಾನ್‌ಗಿಂತ ದಪ್ಪ ಇದ್ದರೆ ಬಾಗುವುದಿಲ್ಲ, ಚರ್ಮಕ್ಕೆ ಚುಚ್ಚುತ್ತದೆ. ಅದು ಅಲರ್ಜಿಯಲ್ಲ. ಒಳಗೆ ಹತ್ತಿಯ ಪೂರ್ತಿ ತೋಳಿನ ಬನಿಯನ್ ಹಾಕಿ ನೋಡಿ. ತುರಿಕೆ ನಿಂತರೆ ಸ್ವೆಟರ್ ಬಿಸಾಡಬೇಕಾಗಿಲ್ಲ.

ಯಾವ ಬಟ್ಟೆ ಹಾಕಿದರೂ ತುರಿಕೆ, ಹಳೆಯದೂ ಹೊಸದೂ

ಎಲ್ಲ ಬಟ್ಟೆಯೂ ಒಟ್ಟಿಗೆ ಕೆಡುವುದಿಲ್ಲ. ಎಲ್ಲದಕ್ಕೂ ತಾಕುವುದು ಒಗೆಯುವ ನೀರು, ಸೋಪು.

ಪರೀಕ್ಷೆ ಸುಲಭ. ಒಗೆದು ಒಣಗಿಸಿದ ಒಂದು ಬನಿಯನ್ ತೆಗೆದುಕೊಳ್ಳಿ. ಶುದ್ಧ ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹತ್ತು ನಿಮಿಷ ನೆನೆಸಿ, ಕೈಯಿಂದ ಚೆನ್ನಾಗಿ ಕಲಕಿ. ನೊರೆ ಬಂತಾ? ನೀರು ಜಾರುತ್ತದಾ? ಹಾಗಾದರೆ ಸೋಪು ಹೋಗಿಲ್ಲ. ಮಳೆಗಾಲದಲ್ಲಿ ಹಂಚಿನಿಂದ ಇಳಿದ ನೀರು ಹಿಡಿದು ಬಟ್ಟೆ ಒಗೆಯುವ ಮನೆಗಳಲ್ಲಿ ಇದು ಜಾಸ್ತಿ. ಮಳೆನೀರು ಮೆದು ನೀರು. ಚಿಟಿಕೆ ಪುಡಿಗೆ ಬಕೆಟ್ ತುಂಬ ನೊರೆ ಏಳುತ್ತದೆ, ಎಷ್ಟು ಜಾಲಿಸಿದರೂ ಹೋಗುವುದಿಲ್ಲ. ಪುಡಿಯನ್ನು ಅರ್ಧಕ್ಕೆ ಇಳಿಸಿ, ಒಂದು ಸಲ ಜಾಸ್ತಿ ಜಾಲಿಸಿ. ಮೆಷಿನ್ ಆದರೆ ಇನ್ನೊಂದು ರಿನ್ಸ್ ಕೊಡಿ.

ಬಟ್ಟೆ ಘಮಘಮ ಅನ್ನಲಿ ಅಂತ ಕೊನೆಯಲ್ಲಿ ಹಾಕುವ ಲಿಕ್ವಿಡ್ ಇದೆಯಲ್ಲ, ಅದನ್ನು ಎರಡು ವಾರ ನಿಲ್ಲಿಸಿ ನೋಡಿ. ಸುಗಂಧಕ್ಕೆ ಅಲರ್ಜಿ ಇರುವವರು ಬಹಳ ಜನ. ಒಣಗದ ಬಟ್ಟೆಯ ಮುಗ್ಗು ವಾಸನೆ ಮುಚ್ಚಲಿಕ್ಕೆ ಮಳೆಗಾಲದಲ್ಲೇ ಇದನ್ನು ಜಾಸ್ತಿ ಸುರಿಯುತ್ತಾರೆ. ವಾಸನೆ ಮುಚ್ಚಬಹುದು, ಒದ್ದೆ ಹಾಗೇ ಇರುತ್ತದೆ.

ಸೀಗೆ, ಅಂಟುವಾಳ ಬಳಸಿದರೆ ಆಗುವುದಿಲ್ಲವೇ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ಅದನ್ನೂ ಚೆನ್ನಾಗಿ ಜಾಲಿಸಬೇಕು. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ವಿಪರೀತ ಉರಿ.

ಎಚ್ಚರ: ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ, ವಿನೆಗರ್ ಜೊತೆ ಎಂದೂ ಸೇರಿಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಮಳೆಗೆ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಇದು ಪ್ರಾಣಕ್ಕೇ ಅಪಾಯ.

ತೊಡೆಸಂದು, ಸೊಂಟ, ಎದೆಯ ಕೆಳಗೆ ಉಂಗುರದ ಹಾಗೆ ದದ್ದು

ಅಂಚು ಕೆಂಪಾಗಿ ಸ್ವಲ್ಪ ಉಬ್ಬಿ, ಸಿಪ್ಪೆ ಏಳುತ್ತಿದೆ. ನಡುವೆ ಚರ್ಮ ತಿಳಿಯಾಗಿದೆ. ದಿನದಿನಕ್ಕೆ ಉಂಗುರ ದೊಡ್ಡದಾಗುತ್ತಿದೆ. ಮನೆಯಲ್ಲಿ ಇನ್ನೊಬ್ಬರಿಗೂ ಇದೆ. ಇಷ್ಟಿದ್ದರೆ ಬಟ್ಟೆಯ ಬಣ್ಣವನ್ನು ಮರೆತುಬಿಡಿ. ಇದು ಹುಳುಕಡ್ಡಿ, ಅಂದರೆ ಫಂಗಸ್. ಒದ್ದೆ ಚಡ್ಡಿ, ಬಿಗಿ ಜೀನ್ಸ್, ಅರ್ಧ ಒಣಗಿದ ಒಳಉಡುಪು ಇದಕ್ಕೆ ಅನ್ನ ನೀರು ಹಾಕುತ್ತವೆ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಮೆಡಿಕಲ್ ಅಂಗಡಿಯಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅನ್ನುವುದು. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಹಚ್ಚಿದ ಎರಡು ದಿನಕ್ಕೆ ತುರಿಕೆ ಕಡಿಮೆ ಅನಿಸುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹರಡುತ್ತದೆ. ಆಮೇಲೆ ಉಂಗುರದ ಆಕಾರವೂ ಹೋಗಿ, ಡಾಕ್ಟರಿಗೂ ಗುರುತು ಸಿಗದ ಹಾಗಾಗುತ್ತದೆ. ಸುಮ್ನೆ ಟ್ಯೂಬ್ ಬದಲಾಯಿಸುತ್ತಾ ತಿಂಗಳು ಕಳೆಯಬೇಡಿ. ಚರ್ಮದ ಡಾಕ್ಟರು ಹೇಳಿದಷ್ಟು ದಿನ ಔಷಧಿ ಹಚ್ಚಿ, ತುರಿಕೆ ನಿಂತಿತು ಅಂತ ಅರ್ಧಕ್ಕೆ ಬಿಡಬೇಡಿ. ಟವೆಲ್ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಒಳಉಡುಪು, ಸಾಕ್ಸ್, ಟವೆಲನ್ನು 60 ಡಿಗ್ರಿಯಷ್ಟು ಬಿಸಿನೀರಲ್ಲಿ ಒಗೆಯಿರಿ.

ಬಟ್ಟೆಯ ಮೇಲೆ ಕಾಣುವ ಕಪ್ಪು ಚುಕ್ಕಿಯ ಬೂಷ್ಟು ಬೇರೆ, ಮೈಮೇಲಿನ ಹುಳುಕಡ್ಡಿ ಬೇರೆ. ಬಟ್ಟೆಯ ಬೂಷ್ಟು ಉಬ್ಬಸ ಇರುವವರಿಗೆ ಸೀನು, ಕೆಮ್ಮು ತರುತ್ತದೆ. ಹುಳುಕಡ್ಡಿ ಮೈಯಿಂದ ಮೈಗೆ, ಟವೆಲಿನಿಂದ ಮೈಗೆ ಹತ್ತುತ್ತದೆ. ಎರಡಕ್ಕೂ ಶತ್ರು ಒಂದೇ, ಪೂರ್ತಿ ಒಣಗಿದ ಬಟ್ಟೆ.

ಅದೇ ಕಷ್ಟ ಅಲ್ವಾ? ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಬಿಸಿಲು ಎಲ್ಲಿಂದ ಬರಬೇಕು? ಮಳೆ ಕಡಿಮೆ ಇರುವ ಕುಶಾಲನಗರದವರು ಪುಣ್ಯವಂತರು. ಉಳಿದವರು ಹೀಗೆ ಮಾಡಿ. ಒಂದೇ ದಿನ ರಾಶಿ ಒಗೆಯಬೇಡಿ, ಹಗ್ಗದಲ್ಲಿ ಹಿಡಿಯುವಷ್ಟೇ ಒಗೆಯಿರಿ. ಮೆಷಿನ್ ಇದ್ದರೆ ಎರಡು ಸಲ ಸ್ಪಿನ್ ಮಾಡಿ. ಒಳಉಡುಪಿಗೆ ಮೊದಲ ಜಾಗ, ಫ್ಯಾನಿನ ಕೆಳಗೆ. ಹಾಕುವ ಮುಂಚೆ ಸೊಂಟಪಟ್ಟಿ, ಹೊಲಿಗೆ, ಜೇಬಿನ ಮೂಲೆಯನ್ನು ಮುಟ್ಟಿ ನೋಡಿ. ಬಟ್ಟೆ ಒಣಗಿದ ಹಾಗೆ ಕಂಡರೂ ತಣ್ಣಗಿನ ತೇವ ಅಲ್ಲೇ ಉಳಿದಿರುತ್ತದೆ. ಆ ಜಾಗಕ್ಕೆ ಇಸ್ತ್ರಿ ಒತ್ತಿ.

ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವ ಮನೆಗಳಲ್ಲಿ ಬಟ್ಟೆಗೆ ಹೊಗೆ ಹಿಡಿಯುತ್ತದೆ, ಅದೂ ಚರ್ಮ ಕೆರಳಿಸಬಹುದು. ಕೋಣೆಯ ಬಾಗಿಲು ಮುಚ್ಚಿ ಕೆಂಡ ಇಟ್ಟು ಬಟ್ಟೆ ಒಣಗಿಸುವುದು ಮಾತ್ರ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ರಾತ್ರಿ ಹೊತ್ತು ತುರಿಕೆ ಜಾಸ್ತಿಯಾಗಿ, ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ ಎದ್ದು, ಮನೆಯವರೆಲ್ಲ ಕೆರೆಯುತ್ತಿದ್ದರೆ ಅದು ಕಜ್ಜಿ. ಮನೆಯವರೆಲ್ಲ ಒಂದೇ ದಿನ ಔಷಧಿ ತೆಗೆದುಕೊಳ್ಳಬೇಕು, ಹಾಸಿಗೆ ಬಟ್ಟೆ ಸಮೇತ ಬಿಸಿನೀರಿಗೆ ಹಾಕಬೇಕು.

ಬೀರುವಿನಿಂದ, ಟ್ರಂಕಿನಿಂದ ತೆಗೆದ ಬಟ್ಟೆ: ವಾಸನೆ, ತಲೆನೋವು, ಕಣ್ಣು ಉರಿ

ಕೈಲ್‌ಪೋಳ್ದ್, ಪುತ್ತರಿ ಹಬ್ಬಕ್ಕೆ, ಮದುವೆಗೆ ಅಂತ ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುವ ಕುಪ್ಯ (ಕೊಡವ ಗಂಡಸರ ಉದ್ದ ಕೋಟು), ಅದರ ಸೊಂಟಕ್ಕೆ ಕಟ್ಟುವ ಚೇಲೆ, ರೇಷ್ಮೆ ಸೀರೆ. ಉಳಿದ ದಿನ ಅವು ಡಾಂಬರು ಗುಳಿಗೆಯ, ಅಂದರೆ ನ್ಯಾಫ್ತಲಿನ್ ಉಂಡೆಯ ಜೊತೆ ಟ್ರಂಕಿನಲ್ಲಿ ಇರುತ್ತವೆ. ಗುಳಿಗೆ ಕರಗಿ ಮಾಯವಾಯಿತು ಅಂದುಕೊಳ್ಳುತ್ತೇವೆ. ಅದು ಹೋದದ್ದು ಬಟ್ಟೆಯ ಒಳಗೆ.

ಹಿಂದಿನ ದಿನವಲ್ಲ, ಎರಡು ಮೂರು ದಿನ ಮುಂಚೆಯೇ ತೆಗೆದು ಗಾಳಿ ಓಡಾಡುವ ಕಡೆ ತೂಗುಹಾಕಿ. ಡ್ರೈಕ್ಲೀನ್ ಆಗಿ ಬಂದದ್ದಾದರೆ ಪ್ಲಾಸ್ಟಿಕ್ ಕವರನ್ನು ಅಂದೇ ತೆಗೆಯಿರಿ. ಡ್ರೈಕ್ಲೀನಿಂಗ್‌ಗೆ ಬಳಸುವ ಪರ್‌ಕ್ಲೋರೋಎಥಿಲೀನ್ ಆವಿ ಆ ಕವರಿನೊಳಗೇ ಕೂತಿರುತ್ತದೆ.

ಈ ಭಾಗದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ: ಡಾಂಬರು ಗುಳಿಗೆ ಹಾಕಿಟ್ಟ ಬಟ್ಟೆಯನ್ನು, ಕಂಬಳಿಯನ್ನು ಹಸುಗೂಸಿಗೆ ಹೊದಿಸಬೇಡಿ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಿಗೆ ನ್ಯಾಫ್ತಲಿನ್ ಆವಿಯಿಂದಲೂ ರಕ್ತದ ಕೆಂಪುಕಣ ಒಡೆಯುತ್ತದೆ. ಮಗು ಹಳದಿಯಾಗುವುದು, ಮೂತ್ರ ಗಾಢ ಬಣ್ಣ ಬರುವುದು, ಮಂಕಾಗುವುದು ಕಂಡರೆ ಆಸ್ಪತ್ರೆಗೆ ಓಡಿ, ಬಟ್ಟೆಯ ವಿಷಯ ಹೇಳಿ. ಅಜ್ಜಿ ಜೋಪಾನವಾಗಿ ಎತ್ತಿಟ್ಟ ತೊಟ್ಟಿಲ ಬಟ್ಟೆ ಅಂತ ನೇರ ತೆಗೆದು ಹಾಸುವ ರೂಢಿ ನಮ್ಮಲ್ಲಿದೆ, ಅದಕ್ಕೇ ಹೇಳಿದೆ. ಬಣ್ಣದ ಮಿಠಾಯಿ ಅಂದುಕೊಂಡು ಮಕ್ಕಳು ಗುಳಿಗೆ ಬಾಯಿಗೆ ಹಾಕಿಕೊಂಡರೂ ಅದೇ, ವಾಂತಿ ಮಾಡಿಸದೆ ಆಸ್ಪತ್ರೆಗೆ.

ಹೊಸ ಬ್ಯಾಗು, ಶೂ ಡಬ್ಬಿಯಲ್ಲಿ ಸಿಗುವ ಸಣ್ಣ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಲಿಕಾ ಜೆಲ್. ಅದು ತೇವ ಹೀರುತ್ತದೆ ಅಷ್ಟೇ, ಚರ್ಮಕ್ಕೆ ತೊಂದರೆಯಿಲ್ಲ. ಆದರೆ ಬೂಷ್ಟು ತಡೆಯಲಿಕ್ಕೆ ಡೈಮೀಥೈಲ್ ಫ್ಯೂಮರೇಟ್ ಅನ್ನುವ ರಾಸಾಯನಿಕ ಇಟ್ಟ ಪೊಟ್ಟಣಗಳಿಂದ ಯುರೋಪಿನಲ್ಲಿ ಸೋಫಾ, ಶೂ ಬಳಸಿದ ಬಹಳ ಜನರಿಗೆ ಸುಟ್ಟ ಹಾಗೆ ದದ್ದು ಎದ್ದು, 2009ರಲ್ಲಿ ಅಲ್ಲಿ ಅದನ್ನು ನಿಷೇಧಿಸಿದರು. ಹೆಸರಿಲ್ಲದ 'ಬೂಷ್ಟು ನಿರೋಧಕ' ಪೊಟ್ಟಣವನ್ನು ತಂದು ಬಟ್ಟೆಯ ನಡುವೆ ಇಡಬೇಡಿ.

ಕಂಕುಳಿನ ಅಂಚು, ತೊಡೆಯ ಒಳಭಾಗ, ಮೊಣಕಾಲಿನ ಹಿಂದೆ: ಎರಡೂ ಕಡೆ ಒಂದೇ ರೀತಿ

ಈಗ ಬಣ್ಣದ ಸರದಿ. ಒಂದು ಗುರುತು ನೆನಪಿಡಿ. ಕಂಕುಳಿನ ಗುಳಿಯ ನಡುವೆಯೇ ದದ್ದು ಇದ್ದರೆ ಡಿಯೋಡರೆಂಟ್ ಮೇಲೆ ಅನುಮಾನ ಪಡಿ. ನಡುವೆ ಸರಿಯಿದ್ದು, ಬಟ್ಟೆ ಉಜ್ಜುವ ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಇದ್ದರೆ ಬಟ್ಟೆ. ಬೆವರು, ಬಿಗಿ, ಉಜ್ಜಾಟ ಮೂರೂ ಸೇರುವ ಕಡೆಯೇ ಬಣ್ಣದ ಅಲರ್ಜಿ ಏಳುವುದು.

ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣ ನೂಲಿನ ಜೊತೆ ಬೆಸೆದುಕೊಳ್ಳುತ್ತದೆ. ಪಾಲಿಯೆಸ್ಟರ್, ಅಸಿಟೇಟ್‌ಗೆ, ಕೆಲವು ಸಲ ನೈಲಾನ್‌ಗೂ ಹಾಕುವುದು ಡಿಸ್ಪರ್ಸ್ ಬಣ್ಣ. ಅದು ಬೆಸೆಯುವುದಿಲ್ಲ, ನೂಲಿನೊಳಗೆ ಕರಗಿ ಕೂತಿರುತ್ತದೆ. ಬೆವರು, ಉಜ್ಜಾಟ ಸಿಕ್ಕರೆ ಚರ್ಮಕ್ಕೆ ಬರುತ್ತದೆ. ಅಲರ್ಜಿಗೆ ಹೆಸರುವಾಸಿಯಾದವು ಡಿಸ್ಪರ್ಸ್ ಬ್ಲೂ 106 ಮತ್ತು 124. ಕಡುನೀಲಿ, ಕಪ್ಪು, ನೇರಳೆ, ಕಡುಹಸಿರು ಬಟ್ಟೆಗಳಲ್ಲಿ ಇಂಥವು ಇರಬಹುದು. ತಲೆಗೆ ಹಚ್ಚುವ ಕಪ್ಪು ಡೈ ನಿಮಗೆ ಆಗದಿದ್ದರೆ ಇನ್ನೂ ಹುಷಾರಾಗಿರಿ. ಅದರಲ್ಲಿರುವ ಪಿಪಿಡಿಗೆ ಅಲರ್ಜಿ ಇದ್ದವರಿಗೆ ಈ ಜಾತಿಯ ಕೆಲವು ಬಣ್ಣವೂ ಆಗುವುದಿಲ್ಲ.

ನನ್ನ ಕೆಲಸದಲ್ಲಿ ನಾನು ನೋಡುವುದು ಲೈನಿಂಗ್. ಮೇಲಿನ ಬಟ್ಟೆ ಶುದ್ಧ ರೇಷ್ಮೆ, ಒಳಗೆ ಕಪ್ಪು ಪಾಲಿಯೆಸ್ಟರ್ ಲೈನಿಂಗ್. ಸೀರೆ ಹತ್ತಿಯದು, ಪೆಟಿಕೋಟು ಸ್ಯಾಟಿನ್. ಮೈಗೆ ತಾಕುವುದು ಒಳಗಿನದು, ಬೈಗುಳ ತಿನ್ನುವುದು ಮೇಲಿನದು. ಕುಪ್ಯ ಹೊಲಿಸುವಾಗಲೂ ಇದನ್ನು ಕೇಳಿ. ಕಡುಕಪ್ಪು ಲೈನಿಂಗ್ ಬದಲು ತಿಳಿಬಣ್ಣದ ಹತ್ತಿ ಲೈನಿಂಗ್ ಹಾಕಿಸಿದರೆ ಹೊರಗೆ ಯಾರಿಗೂ ಕಾಣುವುದಿಲ್ಲ. ಹೊಲಿದಾದ ಬಟ್ಟೆಗೂ ಲೈನಿಂಗ್ ಬದಲಿಸಬಹುದು.

ಬಟ್ಟೆ ನಿಜವಾಗಿ ಹತ್ತಿಯೇ ಅಂತ ಅನುಮಾನ ಇದ್ದರೆ ಹೊಲಿಗೆಯ ಒಳ ಅಂಚಿನಿಂದ ನಾಲ್ಕು ನೂಲು ಎಳೆಯಿರಿ. ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ, ಬೆಂಕಿಕಡ್ಡಿ ತಾಕಿಸಿ. ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ ಬಂದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಮಣಿ ತುಂಬಾ ಹೊತ್ತು ಸುಡುತ್ತದೆ, ಮುಟ್ಟಬೇಡಿ. ಹಾಕಿಕೊಂಡಿರುವ ಬಟ್ಟೆಗೆ ಎಂದೂ ಇದನ್ನು ಮಾಡಬೇಡಿ.

ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುವುದೂ ಒಂದು ಪರೀಕ್ಷೆ. ಬಣ್ಣ ಹತ್ತಿದರೆ ಇನ್ನೂ ಒಗೆಯಬೇಕು ಅಂತ ಅರ್ಥ. ಬಣ್ಣ ಬಿಟ್ಟದ್ದೆಲ್ಲ ವಿಷ ಅಂತಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರಕ್ಕೂ ಬಣ್ಣ ಬರುತ್ತದೆ, ಯಾರಾದರೂ ಹೆದರುತ್ತೇವಾ? ಹಾಗೆಯೇ ಬಣ್ಣ ಬಿಡದ ಬಟ್ಟೆ ಅಲರ್ಜಿ ಮಾಡುವುದಿಲ್ಲ ಅನ್ನುವ ಗ್ಯಾರಂಟಿಯೂ ಇಲ್ಲ.

ಇಷ್ಟಾದ ಮೇಲೆ ನಿಜವಾದ ಪರೀಕ್ಷೆ. ಎರಡರಿಂದ ಮೂರು ವಾರ ಬಿಳಿ ಅಥವಾ ತಿಳಿಬಣ್ಣದ, ಸಡಿಲವಾದ, ಹಲವು ಸಲ ಒಗೆದ ಹಳೆಯ ಹತ್ತಿ ಬಟ್ಟೆ ಮಾತ್ರ ಹಾಕಿ. ದದ್ದು ಆರಿದ ಮೇಲೆ ಅನುಮಾನದ ಬಟ್ಟೆಗಳಲ್ಲಿ ಒಂದನ್ನು, ಒಂದನ್ನೇ, ಎರಡು ದಿನ ಕೆಲವು ಗಂಟೆ ಹಾಕಿ. ಆಮೇಲೆ ಮೂರು ದಿನ ಕಾಯಿರಿ. ಅದೇ ಜಾಗದಲ್ಲಿ ಮತ್ತೆ ಎದ್ದರೆ ಕಳ್ಳ ಸಿಕ್ಕಿಬಿದ್ದ. ಮೊದಲ ಸಲವೇ ನೀರುಗುಳ್ಳೆ ಎದ್ದಿದ್ದರೆ ಈ ಪರೀಕ್ಷೆ ಮನೆಯಲ್ಲಿ ಬೇಡ.

ಬಟ್ಟೆಗೆ ಹಾಕುವ 'ಅಜೋ' ಅನ್ನುವ ಜಾತಿಯ ಬಣ್ಣದ ಬಗ್ಗೆ ಮೊಬೈಲಿನಲ್ಲಿ ಬರುವ ಎಚ್ಚರಿಕೆ ಓದಿ ಹೆದರಿ ಬರುವವರೂ ಇದ್ದಾರೆ. ಕೆಲವು ಅಜೋ ಬಣ್ಣ ಒಡೆದಾಗ ಕ್ಯಾನ್ಸರ್ ತರಬಲ್ಲ ಅಮೀನು ಅನ್ನುವ ರಾಸಾಯನಿಕಗಳು ಹುಟ್ಟುತ್ತವೆ, ನಿಜ. ನಮ್ಮ ದೇಶದಲ್ಲಿ ಬೆಂಜಿಡಿನ್ ಅನ್ನುವ ಇಂಥದೇ ಅಮೀನು ಮೂಲದ 42 ಬಣ್ಣಗಳ ಮೇಲೆ, 1997ರಲ್ಲಿ ಇನ್ನೂ 70 ಅಜೋ ಬಣ್ಣಗಳ ಮೇಲೆ ನಿಷೇಧ ಬಂದಿದೆ. ಆದರೆ ಅದು ತುರಿಕೆಯಿಂದ ಗೊತ್ತಾಗುವ ವಿಷಯವೇ ಅಲ್ಲ. ತುರಿಕೆ ಇಲ್ಲ ಅಂದರೆ ಆ ಬಣ್ಣ ಇಲ್ಲ ಅಂತಲೂ ಅಲ್ಲ. ಲ್ಯಾಬಿನಲ್ಲಿ ಮಾತ್ರ ತಿಳಿಯುತ್ತದೆ. ಅಂಥ ಲ್ಯಾಬ್ ಪರೀಕ್ಷೆ ಆದದ್ದು ಬೇಕೆಂದರೆ ಓಯೆಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಅನ್ನುವ ಗುರುತು ನೋಡಿ. 1992ರಿಂದ ಇದೆ. ಮೈಗೆ ನೇರ ತಾಕುವ ಬಟ್ಟೆಯಲ್ಲಿ ಫಾರ್ಮಾಲ್ಡಿಹೈಡ್ ಕಿಲೋಗೆ 75 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ, ಕೂಸಿನ ಬಟ್ಟೆಗೆ ಮಿತಿ ಇನ್ನೂ ಬಿಗಿ. ಬರೀ 'ನ್ಯಾಚುರಲ್', 'ಸ್ಕಿನ್ ಫ್ರೆಂಡ್ಲಿ' ಅಂತ ಬರೆದಿದ್ದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಹೊಕ್ಕುಳ ಕೆಳಗೆ ಒಂದೇ ಕಡೆ. ಸೊಂಟದ ಸುತ್ತ ಪಟ್ಟಿ

ಹೊಕ್ಕುಳ ಕೆಳಗೆ ರೂಪಾಯಿ ಅಗಲ ದದ್ದು ಅಂದರೆ ಜೀನ್ಸಿನ ಗುಂಡಿ ಅಥವಾ ಬೆಲ್ಟಿನ ಬಕಲ್. ಬೆನ್ನ ನಡುವೆ ಸಣ್ಣದಾಗಿ ಇದ್ದರೆ ಬ್ರಾ ಹುಕ್. ಕಾರಣ ನಿಕಲ್ ಅನ್ನುವ ಲೋಹ. ಅಗ್ಗದ ಓಲೆ, ವಾಚಿನ ಚೈನು ಆಗದವರಿಗೆ ಇದೂ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಡೈಮೀಥೈಲ್‌ಗ್ಲೈಆಕ್ಸಿಮ್ ಪರೀಕ್ಷೆಯ ಕಿಟ್ ಸಿಗುತ್ತದೆ. ಹತ್ತಿಗೆ ಎರಡು ಹನಿ ಹಾಕಿ ಗುಂಡಿಯ ಹಿಂಬದಿ ಉಜ್ಜಿದಾಗ ಗುಲಾಬಿ ಬಣ್ಣ ಬಂದರೆ ನಿಕಲ್ ಬಿಡುತ್ತಿದೆ. ಕಿಟ್ ಬೇಡ ಅಂದರೆ ಗುಂಡಿಯ ಹಿಂದೆ ಹತ್ತಿಬಟ್ಟೆಯ ತೇಪೆ ಹೊಲಿಸಿ ಎರಡು ವಾರ ನೋಡಿ. ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿದರೂ ಆಗುತ್ತದೆ, ಒಗೆದಂತೆಲ್ಲ ಅದು ಏಳುತ್ತದೆ, ಮತ್ತೆ ಬಳಿಯಬೇಕು. ಪ್ಲಾಸ್ಟಿಕ್ ಗುಂಡಿ ಹಾಕಿಸಿದರೆ ಆ ತಲೆನೋವೂ ಇಲ್ಲ.

ಸೊಂಟದ ಸುತ್ತ ಪಟ್ಟಿ ಎಳೆದ ಹಾಗಿದ್ದರೆ ಎಲಾಸ್ಟಿಕ್. ಬರೀ ಅಚ್ಚು ಬಿದ್ದು ಗಂಟೆಯೊಳಗೆ ಹೋದರೆ ಬಿಗಿ ಜಾಸ್ತಿ ಅಷ್ಟೇ, ಸಡಿಲ ಮಾಡಿಸಿ. ದಿನಗಟ್ಟಲೆ ಉಳಿದು ಸಿಪ್ಪೆ ಎದ್ದರೆ ರಬ್ಬರಿನ ಅಲರ್ಜಿ ಇರಬಹುದು. ಬಿಳಿ ಒಳಉಡುಪಿಗೆ ಕ್ಲೋರಿನ್ ಬ್ಲೀಚ್ ಹಾಕುತ್ತೀರಾ? ರಬ್ಬರಿನಲ್ಲಿರುವ ರಾಸಾಯನಿಕದ ಜೊತೆ ಬ್ಲೀಚ್ ಸೇರಿ ಅಲರ್ಜಿ ತರುವ ಹೊಸ ವಸ್ತು ಹುಟ್ಟುತ್ತದೆ. ಆಮೇಲೆ ಎಷ್ಟು ಒಗೆದರೂ ಪ್ರಯೋಜನ ಇಲ್ಲ, ಆ ಎಲಾಸ್ಟಿಕ್ ಕಿತ್ತು ಲಾಡಿ ಹಾಕಿಸಿ.

ಕಾಲು: ಗಂಬೂಟು, ಸಾಕ್ಸ್, ಜಿಗಣೆ

ಬೆರಳ ಸಂದಿಯಲ್ಲಿ, ಅದರಲ್ಲೂ ಕಿರುಬೆರಳ ಪಕ್ಕದಲ್ಲಿ ಚರ್ಮ ಬೆಳ್ಳಗಾಗಿ ಕೊಳೆತ ಹಾಗಿದ್ದರೆ ಫಂಗಸ್. ಸಂದಿ ಚೆನ್ನಾಗಿದ್ದು ಪಾದದ ಮೇಲ್ಭಾಗದಲ್ಲಿ ದದ್ದು ಇದ್ದರೆ ಬೂಟಿನ ರಬ್ಬರು, ಅಥವಾ ಚರ್ಮದ ಶೂ ಆದರೆ ಹದ ಮಾಡಲಿಕ್ಕೆ ಬಳಸಿದ ಕ್ರೋಮಿಯಂ. ಗಂಬೂಟಿನ ಬಾಯಿ ಪಿಂಡರಿಗೆ ಉಜ್ಜುವ ಕಡೆ ಮಾತ್ರ ಉಂಗುರ ಇದ್ದರೆ ಉದ್ದ ಹತ್ತಿ ಸಾಕ್ಸ್ ಸಾಕು. ಸಾಕ್ಸ್ ಒದ್ದೆಯಾದರೆ ಮಧ್ಯಾಹ್ನ ಬದಲಿಸಿ. ಎರಡು ಜೊತೆ ಬೂಟಿದ್ದರೆ ದಿನ ಬಿಟ್ಟು ದಿನ ಹಾಕಿ.

ಜಿಗಣೆಗೆ ಅಂತ ಸಾಕ್ಸಿಗೆ ಸೀಮೆಎಣ್ಣೆ ಹಚ್ಚುವವರು, ಹೊಗೆಸೊಪ್ಪಿನ ನೀರಲ್ಲಿ ನೆನೆಸುವವರು, ಸುಣ್ಣ ಬಳಿಯುವವರು ಇದ್ದಾರೆ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಒದ್ದೆ ಸುಣ್ಣವೂ ಸುಡುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಒದ್ದೆ ಚರ್ಮದ ಮೂಲಕ ಒಳಗೆ ಹೋಗಿ ವಾಂತಿ, ತಲೆಸುತ್ತು ತರುತ್ತದೆ. ಒತ್ತು ನೇಯ್ಗೆಯ ಜಿಗಣೆ ಸಾಕ್ಸನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿ, ಹೊರಗಡೆ ಉಪ್ಪು ಉಜ್ಜಿದರೆ ಸಾಕು.

ತೋಟದಿಂದ ಬಂದ ಬಟ್ಟೆ, ಹಗ್ಗದಿಂದ ತೆಗೆದ ಬಟ್ಟೆ

ಹೊರಗೆ ಒಣಗಿಸಿದ ಬಟ್ಟೆ ಹಾಕಿದ ಕೂಡಲೇ ಕತ್ತು, ಬೆನ್ನಲ್ಲಿ ಸೂಜಿ ಚುಚ್ಚಿದ ಹಾಗೆ ಉರಿ, ಸಣ್ಣ ಕೆಂಪು ಗುಳ್ಳೆ. ಮರದ ಕೆಳಗೆ ಹಗ್ಗ ಇದ್ದರೆ ಕಂಬಳಿಹುಳುವಿನ ಕೂದಲು ಅಂತಲೇ ತಿಳಿಯಿರಿ. ಉಜ್ಜಬೇಡಿ, ಉಜ್ಜಿದರೆ ಕೂದಲು ಒಳಗೆ ಹೋಗುತ್ತದೆ. ಸೆಲ್ಲೋ ಟೇಪ್ ಅಂಟಿಸಿ ಎಳೆದು ತೆಗೆಯಿರಿ, ಆಮೇಲೆ ಸೋಪು ನೀರಲ್ಲಿ ತೊಳೆಯಿರಿ. ನಸುಗುನ್ನಿ ಕಾಯಿಯ ಕೂದಲಿಗೂ ಇದೇ ಮದ್ದು.

ತೋಟ, ಕಾಡಿಗೆ ಹೋಗಿ ಬಂದ ಬಟ್ಟೆಯ ಮೇಲೆ ಕಪ್ಪು ಕಲೆ, ಎರಡು ದಿನಕ್ಕೆ ಅದೇ ಜಾಗದಲ್ಲಿ ನೀರುಗುಳ್ಳೆ ಬಂದರೆ ಹೊಳೆಗೇರಿನಂಥ ಮರದ ಹಾಲು. ಬಟ್ಟೆಗೆ ಹತ್ತಿದ ಹಾಲು ಆಮೇಲೂ ಸುಡುತ್ತದೆ, ಒಗೆಯುವವರ ಕೈಗೂ. ಗ್ಲೌಸ್ ಹಾಕಿ, ಬೇರೆಯಾಗಿ ಒಗೆಯಿರಿ. ಇದೇ ಕುಟುಂಬದ ಕೇರುಬೀಜದ ರಸದಿಂದ ಹಿಂದೆ ದೋಬಿಗಳು ಬಟ್ಟೆಗೆ ಗುರುತು ಹಾಕುತ್ತಿದ್ದರು. ಕತ್ತಿನ ಹಿಂದೆ ಸರಿಯಾಗಿ ಗುರುತು ಇದ್ದ ಕಡೆಯೇ ಹುಣ್ಣು ಏಳುತ್ತಿತ್ತು.

ಔಷಧಿ ಹೊಡೆದ ಬಟ್ಟೆ ಅಂದರೆ ಸಲೀಸಾಗಿ ತೆಗೆದುಕೊಳ್ಳಬೇಡಿ. ಕಾಫಿಗೆ, ಕರಿಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಮತ್ತು ಸುಣ್ಣ ಇದೆ. ನೀಲಿ ಕಲೆ ಇರುವ ಬಟ್ಟೆ ಮೈ ಉರಿಸುತ್ತದೆ, ಕಣ್ಣಿಗೆ ಕೆಟ್ಟದ್ದು. ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಅದಕ್ಕಿಂತ ಅಪಾಯ. ಕಲೆಯೂ ಕಾಣುವುದಿಲ್ಲ, ಚರ್ಮದ ಮೂಲಕ ಒಳಗೆ ಹೋಗುತ್ತದೆ. ಆ ಬಟ್ಟೆಯನ್ನು ಮನೆಯ ಹೊರಗೇ ಕಳಚಿ. ಮಕ್ಕಳ ಬಟ್ಟೆಯ ಬಕೆಟ್‌ಗೆ ಹಾಕಬೇಡಿ. ರಬ್ಬರ್ ಗ್ಲೌಸ್ ಹಾಕಿ, ಮೊದಲು ಬರೀ ನೀರಲ್ಲಿ ಜಾಲಿಸಿ, ಆಮೇಲೆ ಬಿಸಿನೀರು, ಸೋಪಿನಲ್ಲಿ ಎರಡು ಸಲ ಒಗೆಯಿರಿ. ತೋಡಿನಲ್ಲಿ ಒಗೆಯಬೇಡಿ. ನೀರು ಬೆರೆಸದ ಔಷಧಿಯೇ ಚೆಲ್ಲಿ ನೆನೆದ ಬಟ್ಟೆಯನ್ನು ಮತ್ತೆ ಬಳಸಬೇಡಿ.

ಹೊಡೆದು ಬಂದವರಿಗೆ ತಲೆನೋವು, ಬೆವರು ಸುರಿಯುವುದು, ಬಾಯಲ್ಲಿ ಜೊಲ್ಲು, ವಾಂತಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಮಾಂಸಖಂಡ ಅದುರುವುದು ಕಂಡರೆ ಅದು ವಿಷ ಏರಿದ್ದು. ಬಟ್ಟೆ ಬಿಚ್ಚಿ, ಮೈಗೆ ಸೋಪು ನೀರು ಸುರಿದು ತೊಳೆಯಿರಿ, 108 ಕರೆಯಿರಿ, ಔಷಧಿಯ ಡಬ್ಬಿಯನ್ನು ಜೊತೆಗೇ ಕಳಿಸಿ.

ಎಲ್ಲ ಮಾಡಿದರೂ ಹೋಗಲಿಲ್ಲ

ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ ಬಗ್ಗೆ ಕೇಳಿ. ನಿಕಲ್, ಫಾರ್ಮಾಲ್ಡಿಹೈಡ್, ರಬ್ಬರಿನ ರಾಸಾಯನಿಕ, ಬಣ್ಣ ಇವನ್ನೆಲ್ಲ ಚೂರು ಚೂರು ಬೆನ್ನಿಗೆ ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ. ಎರಡು ದಿನ ಕಳೆದು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಕಬಾರದು, ಬೆವರಬಾರದು. ಕಾಫಿ ಕೊಯ್ಲಿನ ಮಧ್ಯೆ ಆಗದ ಕೆಲಸ, ದಿನ ನೋಡಿ ಹೋಗಿ. ಎಲ್ಲ ಕಡೆ ಈ ಪರೀಕ್ಷೆ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬೆನ್ನಿಗೆ ಮುಲಾಮು ಹಚ್ಚಿದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ಪರೀಕ್ಷೆ ತಪ್ಪು ತೋರಿಸುತ್ತದೆ.

ದದ್ದು ಜೋರಾಗಿದ್ದ ದಿನದ ಫೋಟೋ, ಹಚ್ಚಿದ ಟ್ಯೂಬುಗಳು, ಸೋಪಿನ ಪುಡಿಯ ಕವರು ತೆಗೆದುಕೊಂಡು ಹೋಗಿ. ಅನುಮಾನದ ಬಟ್ಟೆಯ ತುಂಡೂ ಬೇಕು, ಅದನ್ನೇ ಬೆನ್ನಿಗೆ ಅಂಟಿಸಿ ನೋಡುವುದುಂಟು. ಅದಕ್ಕಾಗಿ ಬಟ್ಟೆ ಹಾಳು ಮಾಡಬೇಕಾಗಿಲ್ಲ. ಪಕ್ಕದ ಹೊಲಿಗೆಯ ಒಳಗೆ ಟೈಲರು ಮುಂದೆ ಬಿಚ್ಚಿ ದೊಡ್ಡದು ಮಾಡಲಿಕ್ಕೆ ಅಂತ ಬಿಟ್ಟ ಅಂಚು ಇರುತ್ತದೆ. ಅಲ್ಲಿಂದ ಎರಡು ಬೆರಳಗಲ ಕತ್ತರಿಸಿ, ಲೈನಿಂಗಿನದೂ ಬೇರೆಯಾಗಿ ಕತ್ತರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದ ಕವರಿನಲ್ಲಿ ಹಾಕಿ ಮೇಲೆ ಯಾವ ಬಟ್ಟೆಯದು ಅಂತ ಬರೆಯಿರಿ. ಕತ್ತರಿಸಲಿಕ್ಕೆ ಧೈರ್ಯ ಇಲ್ಲದಿದ್ದರೆ ಹೊಲಿದವರ ಹತ್ತಿರ ಹೋಗಿ, ಐದು ನಿಮಿಷದ ಕೆಲಸ.